ರಕ್ತದಲ್ಲಿ ಸಿಕ್ಕ ಎರಡನೆಯ ಔಷಧಿ

“ಕಾಲು ನೋಡಿ ಇಡ್ರಿ. ಇನ್ನೂ ಗಾಜಿನ ಚೂರು ಅದಾವ,” ಎಂದರು ಡಾಕ್ಟರ್ ಅರ್ಷದ. ಕೂಡ್ರಿ ಎನ್ನಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಆಫ್ರೀನ ಬಾಗಿಲಲ್ಲೇ ನಿಂತು ಕೋಣೆಯ ಮೇಲೆ ಕಣ್ಣಾಡಿಸಿದಳು. ಕಿಟಕಿಗೆ ರಟ್ಟು ಬಡಿದಿದ್ದರು. ರಟ್ಟಿನ ಸಂದಿಯಿಂದ ಬಾಗಲಕೋಟೆಯ ಬಿಸಿಲು ಒಳಗೆ ನುಗ್ಗಿ ಡಾಕ್ಟರ ಹಣೆಯ ಮೇಲಿನ ಹೊಲಿಗೆಯ ಗುರುತಿಗೆ ಬಡಿಯುತ್ತಿತ್ತು.

ಕಲ್ಲು ಒಗೆದವರು ಇಳಕಲ್ಲಿನವರು. ಅಲ್ಲಿಯ ಹಿರಿಯ ನೇಕಾರ್ತಿ ಶಿವಲಿಂಗವ್ವ ಈ ದವಾಖಾನೆಯಲ್ಲಿ ಸತ್ತ ದಿನ ಒಗೆದದ್ದು. ಡಾಕ್ಟರನೇ ಕೊಂದ ಎಂದು ಮಗ ಶಂಭು ದೂರು ಕೊಟ್ಟಿದ್ದ; ಮನೆಯವರೇ ಏನೋ ತಿನ್ನಿಸಿದ್ದಾರೆ ಎಂದು ಡಾಕ್ಟರು ಎದುರು ದೂರು ಕೊಟ್ಟಿದ್ದರು. ಎರಡೂ ಆಫ್ರೀನಳ ಕೊರಳಿಗೇ ಬಿದ್ದಿದ್ದವು.

“ಹಿಡ್ಕೊಂಡು ಹೋಗಾಕ ಬಂದೀರೋ, ಕೇಳಾಕ ಬಂದೀರೋ?”

“ಅದನ್ನ ಇದು ಹೇಳ್ತೈತ್ರಿ,” ಎಂದು ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಶಿವಲಿಂಗವ್ವ ಸಾಯುವ ಮುಂಚೆ ತೆಗೆದಿಟ್ಟಿದ್ದ ರಕ್ತದ ಪರೀಕ್ಷೆಯ ವರದಿ. ಬೆಂಗಳೂರಿನ ಪ್ರಯೋಗಾಲಯದಿಂದ ಅಂದೇ ಬಂದಿತ್ತು.

ಅರ್ಷದ ಓದಿದರು. ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿತು. ಹಿಂದಕ್ಕೆ ಹೋಯಿತು, ಮತ್ತೆ ಅಲ್ಲೇ ಬಂದು ನಿಂತಿತು.

“ಇದನ್ನ ನಾ ಬರದಿಲ್ಲ.”

“ಯಾವುದನ್ನ?”

“ಎರಡನೇದ್ದು. ಮೊದಲನೇದ್ದು ನಮ್ಮ ಗುಳಿಗಿ, ಕ್ಯಾನ್ಸರಿಂದು. ಇದು ಬೂಸುರಿಗೆ, ಫಂಗಸ್ಸಿಗೆ ಕೊಡೋ ಔಷಧಿ. ಬಾಯಾಗ ಬೆಳ್ಳಗ ಹುಣ್ಣಾಗ್ತೈತಲ್ಲ, ಅದಕ್ಕ.”

“ಬಾಯಿ ಹುಣ್ಣಿನ ಔಷಧಿಗೆ ಮನಷ್ಯಾ ಸಾಯ್ತಾನೇನ್ರಿ?”

“ನೀವು ತಗೊಂಡರ ಸಾಯೂದಿಲ್ಲ,” ಎಂದರು ಡಾಕ್ಟರು ತಣ್ಣಗೆ. “ಆಕಿ ಸತ್ತಳು.”

ಆಫ್ರೀನ ತಾನೇ ಕುರ್ಚಿ ಎಳೆದುಕೊಂಡು ಕೂತಳು. “ನನಗ ತಿಳಿಯೂ ಹಂಗ ಹೇಳ್ರಿ. ಕೋರ್ಟಿನಾಗ ನಾನೂ ಹಂಗ ಹೇಳಬೇಕಾಗ್ತೈತಿ.”

ಅರ್ಷದರಿಗೆ ಪೊಲೀಸರ ಮುಖ ನೋಡಿ ನೋಡಿ ಬೇಸರವಾಗಿತ್ತು. ಆದರೂ ಹೇಳಿದರು. ಮೈಯೊಳಗಿನ ಕಣಕ್ಕೆ ವಯಸ್ಸಾದರೆ, ಕೆಟ್ಟರೆ, ಅದು ತಾನಾಗಿಯೇ ಸಾಯಬೇಕು. ಶಿವಲಿಂಗವ್ವನದು ಬಿಳಿ ರಕ್ತಕಣಗಳ ಕ್ಯಾನ್ಸರು. ಆ ಕಣಗಳ ತುಂಬ ಬಿಸಿಎಲ್-ಟು ಎಂಬ ಒಂದು ಪ್ರೋಟೀನು ತುಂಬಿಕೊಂಡು, ಸಾವನ್ನು ಹತ್ತಿರ ಬರಗೊಡುತ್ತಿರಲಿಲ್ಲ. ಸಾಯಬೇಕಾದ ಕಣಗಳು ಸಾಯದೆ ಗುಡ್ಡೆಯಾಗಿದ್ದವು.

“ನಮ್ಮ ಗುಳಿಗಿ ಹೋಗಿ ಆ ಪ್ರೋಟೀನನ್ನ ಹಿಡ್ಕೊಳ್ತೈತಿ. ಅಡ್ಡ ನಿಂತದ್ದು ಸರೀತು ಅಂದರ ಕಣ ತಾನ ಸಾಯ್ತೈತಿ. ಭಾಳ ಚಲೋ ಔಷಧಿ ಅದು. ಭಾಳ ಮಂದಿ ಬದುಕ್ಯಾರ.”

“ಮತ್ತ?”

“ಮತ್ತ ಏನಂದರ, ಕಣ ಎಲ್ಲಾ ಕೂಡೇ ಸಾಯಬಾರದು. ಸತ್ತ ಕಣದಾಗಿಂದು ಎಲ್ಲಾ ರಕ್ತಕ್ಕ ಬೀಳ್ತೈತಿ. ಪೊಟ್ಯಾಶಿಯಂ ಏರ್ತೈತಿ, ಕಿಡ್ನಿ ಕಟ್ಕೊಳ್ತೈತಿ, ಎದಿ ನಿಲ್ತೈತಿ. ಅದಕ್ಕ ಸಣ್ಣ ಗುಳಿಗಿಲೆ ಶುರು ಮಾಡಿ ವಾರ ವಾರ ಏರಸ್ತೇವಿ. ಆಕಿನ್ನ ಇಲ್ಲೇ ಇಟ್ಕೊಂಡು, ರಕ್ತ ನೋಡಿ, ಎಲ್ಲಾ ಸರಿ ಐತಿ ಅಂದಮ್ಯಾಲ ಮನಿಗೆ ಕಳಿಸಿದ್ದೆ.”

“ಗುಳಿಗಿ ಎಣಿಸೇವ್ರಿ. ಒಂದೂ ಹೆಚ್ಚಿಗಿ ತಗೊಂಡಿಲ್ಲ.”

“ತಗೋಬೇಕಾಗಿಲ್ಲ. ನಮ್ಮ ಗುಳಿಗಿನ್ನ ಮೈಯಿಂದ ಹೊರಗ ಹಾಕೋದು ಲಿವರ್. ಈ ಬೂಸುರಿನ ಔಷಧಿ ಲಿವರಿನ ಆ ಕೆಲಸಾನ ತಡೀತೈತಿ. ನಿನ್ನೀದು ಹೋಗಿಲ್ಲ, ಇವತ್ತಿಂದು ಬಿತ್ತು, ನಾಳಿಂದು ಬಿತ್ತು. ಸಣ್ಣ ಗುಳಿಗಿನ ಒಳಗ ಏಳೆಂಟು ಪಟ್ಟು ಆಗ್ತೈತಿ.”

ಅಂದರೆ ಶಿವಲಿಂಗವ್ವನನ್ನು ಕೊಂದದ್ದು ಕ್ಯಾನ್ಸರಲ್ಲ. ಕ್ಯಾನ್ಸರು ಸತ್ತ ವೇಗ.

“ಇದು ಯಾರಿಗೆ ಗೊತ್ತಿರ್ತೈತ್ರಿ?”

“ನನಗ ಗೊತ್ತೈತಿ,” ಎಂದರು ಅರ್ಷದ. ಅವಳ ಕಣ್ಣಿಗೆ ಕಣ್ಣು ಕೊಟ್ಟರು. “ಅದನ್ನ ಕೇಳಾಕ ಬಂದೀರಲ್ಲ? ಬರಕೊಳ್ರಿ. ಇಲ್ಲೀ ನರ್ಸ್‌ಗಳಿಗೆ ಗೊತ್ತೈತಿ. ಔಷಧಿ ಅಂಗಡಿಯವರಿಗೆ ಗೊತ್ತಿರಬೇಕು. ಗುಳಿಗಿ ಡಬ್ಬಿಯೊಳಗಿನ ಹಾಳ್ಯಾಗೂ ಐತಿ. ಬ್ಯಾರೆ ಏನರ ಕೊಟ್ಟೀರೇನು ಅಂತ ಕಡೀ ಸಲ ಅಡ್ಮಿಟ್ ಮಾಡ್ಕೊಳ್ಳೂ ಮುಂದ ನರ್ಸ್‌ಗಳು ಆಕಿ ಮಗನ್ನ ಕೇಳ್ಯಾರ. ಇಲ್ಲ ಅಂದಾನ. ಅವನ್ನ ಹೋಗಿ ಕೇಳ್ರಿ. ಅಂವ ಒದರಾಡಿದ್ದಕ್ಕ ಈ ಗುಳಿಗಿ ತಗೋಳೋ ಮಂದ್ಯಾಗ ಭಾಳ ಜನ ನನ್ನ ಕಡೆ ಬರೂದು ಬಿಟ್ಟಾರ. ಅವರು ಸತ್ತರ ಅದನ್ನ ಯಾರ ಮ್ಯಾಲ ಬರೀತೀರಿ?”

ಆಫ್ರೀನ ಲಕೋಟೆ ಎತ್ತಿಕೊಂಡಳು. ಎದ್ದು ಹೊರಟಾಗ ಬೂಟಿನ ಕೆಳಗೆ ಗಾಜು ಕರಕರ ಎಂದಿತು.

*

ಇಳಕಲ್ಲಿನ ನೇಕಾರರ ಓಣಿಯಲ್ಲಿ ಜೀಪು ನಿಂತದ್ದೇ ತಡ, ಕಟ್ಟೆಯ ಮೇಲೆ ಕೂತಿದ್ದ ಹೆಂಗಸರು ಎದ್ದು ಒಳಗೆ ಹೋದರು. ಒಂದೊಂದೇ ಕದ ಮುಚ್ಚಿಕೊಂಡಿತು.

ಶಿವಲಿಂಗವ್ವನ ಮನೆಗೆ ಶಂಭು ಬೀಗ ಜಡಿದಿದ್ದ. ಆ ಬಾಗಿಲಿಗೆ ಎದುರಾಗಿ, ತನ್ನ ಮನೆಯ ಹೊಸ್ತಿಲಲ್ಲಿ ಖುಶನುಮಾ ನಿಂತಿದ್ದಳು. ಚಿಕ್ಕಂದಿನಿಂದ ಶಿವಲಿಂಗವ್ವನ ಮಗ್ಗದ ಪಕ್ಕದಲ್ಲೇ ಬೆಳೆದವಳು, ಇಳಕಲ್ ಸೀರೆಯ ಟೋಪಿ ತೆನಿ ಸೆರಗು ನೇಯುವುದನ್ನು ಅವಳಿಂದಲೇ ಕಲಿತವಳು. ಮುದುಕಿಗೆ ಕ್ಯಾನ್ಸರು ಎಂದು ತಿಳಿದ ಮೇಲೆ ಗಂಜಿ ಕಾಯಿಸಿ ಕುಡಿಸಿದವಳೂ ಅವಳೇ.

“ನಿಮ್ಮ ಜಾತಿ ಹುಡುಗಿ, ಪ್ರೀತಿಲೆ ಕೇಳಿದರ ಹೇಳ್ತಾಳ ಅಂತ ಬಂದೀರೇನ್ರಿ?” ಎಂದಳು ಖುಶನುಮಾ. “ಮೊನ್ನೆ ಬಂದ ಪೊಲೀಸ ಹೊಡೀತೇನಿ ಅಂದ. ಹಿಂಗೂ ಕೇಳ್ತೀರಿ, ಹಂಗೂ ಕೇಳ್ತೀರಿ.”

“ಪ್ರೀತಿಲೆ ಕೇಳಾಕ ಬಂದಿಲ್ಲ. ಅವ್ವನ ರಕ್ತದಾಗ ಒಂದು ಔಷಧಿ ಸಿಕ್ಕೈತಿ. ಬಾಯಿ ಹುಣ್ಣಿಂದು. ಯಾರು ಕೊಟ್ರು?”

ಖುಶನುಮಾಳ ಮುಖದ ಬಿಗಿ ಸಡಿಲಲಿಲ್ಲ, ಆದರೆ ಕೈ ಹೋಗಿ ಬಾಗಿಲ ಚೌಕಟ್ಟು ಹಿಡಿದುಕೊಂಡಿತು.

“ನಾ ಕೊಟ್ಟಿಲ್ಲ.”

“ನೀ ಕೊಟ್ಟಿ ಅಂತ ನಾ ಅಂದಿಲ್ಲ.”

“ಇಡೀ ಓಣಿ ಅನ್ನಾಕತ್ತೈತಿ. ಮಗ್ಗದ ಆಸೇಕ ಮುದುಕಿಗೆ ವಿಷಾ ಹಾಕ್ಯಾಳ ಅಂತ. ಅಂವ ಬೀಗ ಹಾಕ್ಯಾನಲ್ಲ, ಒಳಗ ಮಗ್ಗದ ಮ್ಯಾಲ ಅರ್ಧಾ ನೇಯ್ದ ಸೀರಿ ಐತಿ. ಒಡಲಿನ ಎಳಿಗೆ ಸೆರಗಿನ ಎಳಿ ಸೇರಿಸಿ ಅವ್ವ ಕೊಂಡಿ ಹಾಕಿ ಕೊಟ್ಟಿದ್ಲು, ಸೆರಗು ನಾ ನೇಯಬೇಕಾಗಿತ್ತು. ಇಲಿ ಕಡದು ಹಾಕ್ತಾವ.” ಅವಳು ದನಿ ತಗ್ಗಿಸಿದಳು. “ಕ್ಯಾಪ್ಸೂಲ್ ಏನ್ರಿ ಅದು? ಉದ್ದಂದು?”

“ನೀ ನೋಡೀಯಾ?”

“ಶಂಭಣ್ಣ ಕೊಡತಿದ್ದ. ಊಟ ಆದಮ್ಯಾಲ ತಾನ ಬಂದು, ತಾನ ಬಾಯಾಗ ಹಾಕಿ ನೀರು ಕುಡಿಸಿ ಹೋಗ್ತಿದ್ದ. ನನಗ ಮುಟ್ಟಗೊಡತಿರಲಿಲ್ಲ. ಅವ್ವಗ ಭಾಳ ಸಂತೋಷ ಆಗಿತ್ರಿ. ಮಗ ಮಾತು ಬಿಟ್ಟು ವರ್ಷಾ ಆಗಿತ್ತಲ್ಲ. ‘ನೋಡು, ನನ್ನ ಮಗ ಬಂದಾನ’ ಅಂತಿದ್ಲು.”

ಮಾತು ಬಿಟ್ಟದ್ದು ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಪವರ್‌ಲೂಮಿನ ಸೀರೆಗೆ ಕೈಮಗ್ಗದ ಗುರುತು ಹಚ್ಚಿ ಮಾರುತ್ತಿದ್ದಾರೆಂದು ಅಧಿಕಾರಿಗಳು ತಪಾಸಣೆಗೆ ಬಂದಾಗ, ಶಿವಲಿಂಗವ್ವ ಶಂಭುವಿನ ಗೋದಾಮಿನ ಸೀರೆಯೊಂದನ್ನು ಬೆರಳಲ್ಲಿ ತಿಕ್ಕಿ ನೋಡಿ, “ಇದು ಕೈಯಿಂದ ನೇಯ್ದದ್ದಲ್ಲ” ಎಂದುಬಿಟ್ಟಿದ್ದಳು. ಕೋರ್ಟಿನಲ್ಲೂ ಹೇಳುತ್ತೇನೆ ಎಂದಿದ್ದಳು. ಆ ಸಾಕ್ಷಿ ಈಗ ಮಣ್ಣಿನೊಳಗಿತ್ತು.

“ಇದನ್ನ ಮೊದಲ ಯಾಕ ಹೇಳಲಿಲ್ಲ?”

“ಹೇಳಿದರ ಯಾರು ನಂಬ್ತಿದ್ರು? ನೀವು ನಂಬ್ತಿದ್ರೇನ್ರಿ?” ಎಂದು ಖುಶನುಮಾ ಕದ ಹಾಕಿಕೊಂಡಳು.

*

ಶಂಭುವಿನ ಶೆಡ್ಡು ಹುನಗುಂದದ ರಸ್ತೆಯಲ್ಲಿತ್ತು. ಪವರ್‌ಲೂಮುಗಳ ಸದ್ದಿಗೆ ತಗಡಿನ ಗೋಡೆ ನಡುಗುತ್ತಿತ್ತು. ಅಂಗಳದಲ್ಲಿ ನೇಕಾರ ಸಂಘದ ಗಂಡಸರು ಗುಂಪಾಗಿ ನಿಂತಿದ್ದರು. ಜೀಪು ಬರುವ ಸುದ್ದಿ ಜೀಪಿಗಿಂತ ಮೊದಲೇ ಬಂದಿತ್ತು. ಯಾರೂ ದಾರಿ ಬಿಡಲಿಲ್ಲ. ಆಫ್ರೀನ ಹೆಗಲು ಒಡ್ಡಿಕೊಂಡೇ ಒಳಗೆ ಹೋದಳು.

ಶಂಭು ಮಗ್ಗಗಳ ನಡುವೆ ನಿಂತಿದ್ದ. ಎತ್ತರದ ಆಳು. ಗಡ್ಡ ಬಿಟ್ಟಿದ್ದ, ಕಣ್ಣು ಕೆಂಪಗಿದ್ದವು.

“ಡಾಕ್ಟರನ್ನ ಹಿಡದೀರಾ?” ಎಂದು ಸದ್ದಿನ ಮೇಲೆ ಕೂಗಿದ.

“ಮಗ್ಗ ಬಂದ್ ಮಾಡು.”

“ನನ್ನ ದಂಧೆ ಬಂದ್ ಮಾಡಾಕ ನೀವ್ಯಾರು?”

ಆಫ್ರೀನ ಗೋಡೆಯತ್ತ ನಡೆದು ಮೇನ್ ಸ್ವಿಚ್ಚು ಕೆಳಗೆ ಎಳೆದಳು. ಲಾಳಿಗಳು ಎಲ್ಲಿದ್ದವೋ ಅಲ್ಲೇ ನಿಂತವು. ಏಕಾಏಕಿ ಬಿದ್ದ ಆ ಮೌನದಲ್ಲಿ ಹೊರಗಿನ ಗಂಡಸರ ಗೊಣಗು ಸ್ಪಷ್ಟವಾಗಿ ಕೇಳಿತು.

“ಅವ್ವಗ ಕ್ಯಾಪ್ಸೂಲ್ ಯಾಕ ಕೊಟ್ಟಿ?”

ಅವನು ರೆಪ್ಪೆ ಬಡಿಯಲಿಲ್ಲ. “ಯಾವ ಕ್ಯಾಪ್ಸೂಲ್?”

“ಊಟ ಆದಮ್ಯಾಲ, ನಿನ್ನ ಕೈಲೆ ಕೊಟ್ಟದ್ದು.”

“ಆ ಹುಡುಗಿ ಹೇಳಿದ್ಲೇನು?” ಅವನು ನಕ್ಕ. ಒಣ ನಗೆ ಅದು. “ಚಲೋ ಆತು ಬಿಡ್ರಿ. ಡಾಕ್ಟರ್ ನಿಮ್ಮಾವ. ಹುಡುಗಿ ನಿಮ್ಮಾಕಿ. ಕೇಸ್ ಮಾಡೋರು ನೀವು. ಮೂರೂ ಮಂದಿ ಕೂಡಿದರ ಹೊರಗ ಉಳಿಯಾವ ನಾನೊಬ್ಬನ.”

ಬಾಗಿಲ ಬಳಿ ಯಾರೋ “ಖರೆ ಐತಿ” ಎಂದರು. ಆಫ್ರೀನಳ ಕಿವಿ ಬಿಸಿಯಾಯಿತು. ಈ ಠಾಣೆಗೆ ಬಂದಾಗಿನಿಂದ ಈ ಮಾತನ್ನು ಅವಳು ಬೆನ್ನ ಹಿಂದೆ ಕೇಳಿದ್ದಳು, ಎದುರಿಗೆ ಕೇಳಿದ್ದು ಇದೇ ಮೊದಲು. ಸಿಟ್ಟನ್ನು ಹಲ್ಲಿನಡಿ ಹಿಡಿದುಕೊಂಡಳು.

“ರಕ್ತಕ್ಕ ಯಾವ ಜಾತೀನೂ ಇಲ್ಲೋ ಶಂಭು. ಬೆಂಗಳೂರಾಗ ನೋಡಿದವರಿಗೆ ನಿಮ್ಮವ್ವ ಯಾರೋ, ನಾ ಯಾರೋ ಗೊತ್ತಿಲ್ಲ. ಬಾಯಿ ಹುಣ್ಣಿನ ಔಷಧಿ ಆಕಿ ರಕ್ತದಾಗ ಸಿಕ್ಕೈತಿ. ಅದ ಔಷಧಿ ಆಕಿ ಕ್ಯಾನ್ಸರ್ ಗುಳಿಗಿನ್ನ ವಿಷಾ ಮಾಡೈತಿ. ದವಾಖಾನ್ಯಾಗ ಕೇಳಿದ್ರ ಇಲ್ಲ ಅಂದೀ.”

“ಇಲ್ಲ ಅಂದಿಲ್ಲ,” ಎಂದ ಅವನು.

“ಏನಂದಿ?”

ಅವನು ಬಾಗಿಲಲ್ಲಿ ನಿಂತ ಸಂಘದವರತ್ತ ನೋಡಿದ.

“ಹುಚ್ಚೇಶನ ಮೆಡಿಕಲ್ ಅಂಗಡಿ ಮುಂದಿನ ಕ್ಯಾಮರಾದಾಗ ನೀ ಅದಿ,” ಎಂದಳು ಆಫ್ರೀನ. ಓಣಿಗೆ ಹತ್ತಿರದ ಔಷಧಿ ಅಂಗಡಿ ಅದೊಂದೇ ಎಂದು ಊಹಿಸಿ ಎಸೆದ ಮಾತು; ಕ್ಯಾಮರಾ ಇತ್ತು, ಅದರಲ್ಲಿ ಏನಿದೆಯೆಂದು ಅವಳಿನ್ನೂ ನೋಡಿರಲಿಲ್ಲ. “ಚೀಟಿ ಇಲ್ಲದ ಕೊಟ್ಟಾನ. ಈಗ ಹುಚ್ಚೇಶನ್ನ ಕರಸ್ತೇನಿ. ತನ್ನ ಅಂಗಡಿ ಉಳಿಸ್ಕೊಳ್ಳಾಕ ಅಂವ ನಿನ್ನ ಕೊರಳು ಕೊಡತಾನ. ಅವ್ವ ಸಾಕ್ಷಿ ಹೇಳ್ತೇನಿ ಅಂದಿದ್ಲು. ನಿನ್ನ ಕೈಲೆ ಔಷಧಿ ತಗೊಂಡು ಸತ್ಲು. ಇದನ್ನ ನ್ಯಾಯಾಧೀಶರು ಹೆಂಗ ಓದ್ತಾರ, ನೀನ ಹೇಳು.”

ಶಂಭು ಅವಳತ್ತ ಎರಡು ಹೆಜ್ಜೆ ನುಗ್ಗಿದ. ಹೊರಗಿದ್ದ ಕಾನ್‌ಸ್ಟೆಬಲ್ ಲಾಠಿ ಎತ್ತಿದ. ಆಫ್ರೀನ ಕೈ ಮಾಡಿ ಅವನನ್ನು ತಡೆದಳು, ತಾನು ಕದಲಲಿಲ್ಲ.

“ನೀವು ಹೇಳಿದ್ದಷ್ಟ ಕೊಟ್ಟೇನಿ ಅಂದೆ,” ಎಂದ ಶಂಭು. ದನಿ ಒಡೆದಿತ್ತು. “ದವಾಖಾನ್ಯಾಗ ಕೇಳಿದಾಗ ನಾ ಅಂದದ್ದು ಇಷ್ಟ. ನೀವು ಹೇಳಿದ್ದಷ್ಟ ಕೊಟ್ಟೇನಿ. ಅದು ಇಲ್ಲ ಅಂದಂಗಾತೇನ್ರಿ?”

“ಯಾರು ಹೇಳಿದ್ದು?”

“ಅವರ! ದವಾಖಾನಿಯವರ!” ಅವನು ಮಗ್ಗದ ಕಂಬಕ್ಕೆ ಒರಗಿದ. ಆಮೇಲೆ ದನಿ ಇಳಿಯಿತು. “ಒಬ್ಬ ಹೆಣ್ಣಮಗಳು ಫೋನ್ ಮಾಡಿದ್ಲು. ಡಾಕ್ಟರ್ ಅರ್ಷದ ಅವರ ಕಡಿಂದ ಅಂದ್ಲು. ಅವ್ವನ ಹೆಸರು, ಗುಳಿಗಿ ಹೆಸರು, ಎಂದು ಶುರು ಮಾಡೀವಿ, ಎಲ್ಲಾ ಹೇಳಿದ್ಲು. ಈ ಗುಳಿಗಿ ತಗೊಂಡರ ಬಾಯಿ ಹುಣ್ಣಾಗ್ತೈತಿ, ಆಗೋ ಮುಂಚೇನ ಇದನ್ನ ಕೊಡ್ರಿ ಅಂತ ಔಷಧಿ ಚೀಟಿ ಫೋಟೋ ಕಳಿಸಿದ್ಲು. ನೋಡಿದಮ್ಯಾಲ ಅದು ತಾನ ಅಳಿಸಿ ಹೋತು. ಹೆಸರು ಬಾಯಿಪಾಠ ಇತ್ತು, ಹುಚ್ಚೇಶನ ಕಡೆ ಹೋಗಿ ತಂದೆ.”

“ಇದನ್ನ ಯಾಕ ಮುಚ್ಚಿಟ್ಟಿ?”

“ಅವ್ವ ಸತ್ತಮ್ಯಾಲ ಆ ನಂಬರಿಗೆ ಹಚ್ಚಿದೆ. ಬಂದ್ ಇತ್ತು. ಡಾಕ್ಟರು ನಮ್ಮ ಮ್ಯಾಲ ದೂರು ಕೊಟ್ಟಾರ ಅಂದ ಕೂಡಲೇ ತಿಳೀತು, ಹೇಳಿದವರ ಈಗ ಇಲ್ಲ ಅಂತಾರ ಅಂತ. ಚೀಟಿ ಇಲ್ಲ, ಫೋಟೋ ಇಲ್ಲ. ಬಾಯಿ ಬಿಟ್ಟರ ಇಬ್ಬರೂ ಒಳಗ ಹೋಗ್ತೇವಿ ಅಂದ ಹುಚ್ಚೇಶ. ಉಳಿದ ಕ್ಯಾಪ್ಸೂಲ್ ಹಳ್ಳಕ್ಕ ಒಗದೆ.” ಅವನು ತನ್ನ ಅಂಗೈಯನ್ನೇ ನೋಡುತ್ತ ನಿಂತ. “ಒಂದು ವರ್ಷ ಆಕಿ ಮಾರಿ ನೋಡಿರಲಿಲ್ಲ. ಕೈಯಾರೆ ಸೇವಾ ಮಾಡಬೇಕು ಅಂತ ಮಾಡಿದೆ. ಈ ಕೈಲೆ ಬಾಯಾಗ ಹಾಕೇನಿ.”

ಅಂಗಳದಲ್ಲಿ ಗೊಣಗು ನಿಂತಿತ್ತು.

ಸುಳ್ಳಿರಬಹುದು. ಇಂಥ ಕಣ್ಣೀರನ್ನು ಆಫ್ರೀನ ಠಾಣೆಯಲ್ಲಿ ಬೇಕಾದಷ್ಟು ಕಂಡಿದ್ದಳು. ಆದರೆ ಸುಳ್ಳು ಹೇಳುವವನು ಫೋನನ್ನು ತಾನಾಗಿ ಮುಂದೆ ಚಾಚುವುದಿಲ್ಲ. ಶಂಭು ಚಾಚಿದ. ಕರೆಗಳ ಸಾಲಿನಲ್ಲಿ ಆ ನಂಬರು ಇತ್ತು. ಅವ್ವ ಮನೆಗೆ ಬಂದ ಮರುದಿನ ಬಂದ ಕರೆ, ಆಮೇಲೆ ಎರಡು ಸಲ ವಿಚಾರಿಸಿಕೊಂಡ ಕರೆ.

“ಆ ಹೆಣ್ಣಮಗಳ ದನಿ ಹೆಂಗಿತ್ತು?”

“ನಮ್ಮ ಕಡೀ ಮಾತಲ್ಲ. ಸಾಲಿ ಪುಸ್ತಕದಾಗ ಇರ್ತೈತಲ್ಲ, ಹಂಗ. ‘ಅಮ್ಮನಿಗೆ ತಪ್ಪದೆ ಕೊಡಿ’ ಅಂತಿದ್ಲು. ಭಾಳ ಮರ್ಯಾದಿ, ಭಾಳ ಮೆತ್ತಗ.”

ಗುಳಿಗೆಯ ಹೆಸರು, ಶುರುವಾದ ದಿನ, ಮನೆಯವರ ಫೋನ್ ನಂಬರು. ಇಷ್ಟೆಲ್ಲ ಬಲ್ಲವಳಿಗೆ ಶಿವಲಿಂಗವ್ವನೊಬ್ಬಳೇ ಬೇಕಾಗಿದ್ದಳೇ? ಆಫ್ರೀನ ತನ್ನ ಫೋನು ತೆಗೆದಳು. ಅಲ್ಲೇ ನಿಂತು ಅರ್ಷದರಿಗೆ ಫೋನು ಹಚ್ಚಿದಳು.

“ನಿಮ್ಮ ಕಡಿಂದ ಬಾಯಿ ಹುಣ್ಣಿಗೆ ಔಷಧಿ ಹೇಳಾಕ ಯಾರರ ಫೋನ್ ಮಾಡ್ತಾರೇನ್ರಿ?”

“ಇಲ್ಲ. ಬ್ಯಾರೆ ಏನೂ ಕೊಡಬ್ಯಾಡ್ರಿ ಅಂತ ಹೇಳಿ ಕಳಿಸಿರ್ತೇವಿ. ಯಾಕ?”

“ಈ ಗುಳಿಗಿ ಈಗ ಮತ್ತ ಯಾರು ಶುರು ಮಾಡ್ಯಾರ?”

“ಶಿರೂರಿನವರೊಬ್ಬರು. ಅವರು ಇಲ್ಲೇ ವಾರ್ಡಿನಾಗ ಅದಾರ. ಇನ್ನೊಬ್ಬರು ನಬಿಸಾಬ ಅಂತ, ಪಟ್ಟದಕಲ್ಲಿನಾಗ ಗುಡಿ ಮುಂದ ಎಳನೀರು ಮಾರೋರು. ಹೋದ ವಾರ ಮನಿಗೆ ಕಳಿಸೇನಿ. ನಾಳೆ ರಕ್ತಾ ತೋರಸಾಕ ಬರಬೇಕು.” ಅರ್ಷದರ ದನಿ ಬದಲಾಯಿತು. “ಯಾಕ್ರಿ? ಏನಾತು?”

“ನಂಬರ್ ಕೊಡ್ರಿ. ಲಗೂನ.”

ನಬಿಸಾಬನ ಮನೆಯ ಫೋನು ಬಹಳ ಹೊತ್ತು ರಿಂಗಾಯಿತು. ಆಫ್ರೀನ ಸ್ಪೀಕರ್ ಹಾಕಿ ಮಗ್ಗದ ಮೇಲಿಟ್ಟಳು. ಕೊನೆಗೂ ಒಬ್ಬ ಹೆಂಗಸು ಎತ್ತಿದಳು. ನಬಿಸಾಬನ ಹೆಂಡತಿ ಜೈನಬಿ.

“ದವಾಖಾನಿ ವಿಷಯಾ ಮಾತಾಡಬೇಕಿತ್ತವಾ,” ಎಂದಳು ಆಫ್ರೀನ. “ಬಾಯಿ ಹುಣ್ಣಿಗಂತ ಏನರ ಔಷಧಿ ಕೊಡಾಕತ್ತೀರೇನು?”

“ಹೂನ್ರಿ, ನೀವ ಹೇಳಿದ್ರಲ್ಲ. ಬದಾಮಿಯಿಂದ ತರಿಸೇನಿ. ಒಂದ ದಿನಾನೂ ತಪ್ಪಿಸಿಲ್ಲ.” ಜೈನಬಿಯ ದನಿಯಲ್ಲಿ ಹೆಮ್ಮೆಯಿತ್ತು.

ಶಂಭು ಮಗ್ಗದ ಮೇಲಿನ ಫೋನಿನತ್ತ ಬಾಗಿದ.

“ಅದನ್ನ ನಿಲ್ಲಸ್ರಿ. ಈಗಿಂದೀಗ. ಅವರು ಹೆಂಗದಾರ?”

“ಮುಂಜಾನಿಂದ ವಾಂತಿ. ಎದಿ ಡವಡವ ಅಂತೈತಿ ಅಂದ್ರು, ಈಗ ಕಣ್ಣು ಮುಚ್ಚ್ಯಾರ. ನಾ ಅಂಜಿದ್ದೆ. ಔಷಧಿ ಹತ್ತಾಕತ್ತೈತಿ, ಹಂಗ ಆಗ್ತೈತಿ ಅಂದ್ರು ಸಿಸ್ಟರು.”

“ಯಾವ ಸಿಸ್ಟರು?”

“ನಿಮ್ಮ ದವಾಖಾನಿಯವರ. ಫೋನ್ ಮಾಡ್ತಿದ್ರಲ್ಲ, ಅವರ. ಇವತ್ತ ನೋಡಾಕಂತ ಮನಿಗೇ ಬಂದಾರ್ರಿ. ಇಲ್ಲೇ ಅವರ ಹಾಸಿಗಿ ಹಂತ್ಯಾಕ ಕುಂತಾರ.”

ಆಫ್ರೀನ ಫೋನಿಗೆ ಬಾಗಿ ದನಿ ತಗ್ಗಿಸಿದಳು. “ಜೈನಬಿ, ನಾ ಹೇಳೂದು ಕೇಳು. ಮಾರಿ ಮ್ಯಾಲ ಏನೂ ತೋರಸಬ್ಯಾಡ. ಹೊರಗ ಹೋಗಿ ನಾಕು ಮಂದೀನ್ನ ಕರಿ—”

ಆ ಕಡೆ ಬಳೆಯ ಸದ್ದಾಯಿತು. ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

“ನಮಸ್ಕಾರ,” ಎಂದಿತು ಮೆತ್ತಗಿನ ದನಿ. “ರೋಗಿಗೆ ಈಗಷ್ಟೇ ನಿದ್ದೆ ಬಂದಿದೆ. ದಯವಿಟ್ಟು ಯಾರೂ ಎಬ್ಬಿಸಬೇಡಿ.”

ಫೋನು ಕಟ್ಟಾಯಿತು.